ರೋಗಿಯ ಆರೈಕೆಯಲ್ಲಿ ಊಟ, ಗಿಡಮೂಲಿಕೆ ಮತ್ತು ನಡಿಗೆ
(ಬೆಳ್ಳಿಹಬ್ಬದ ಅಂಗವಾಗಿ ಸಂಘದ ಆವರಣದಲ್ಲಿ ನಡೆದ ಆರೋಗ್ಯ ತಪಾಸಣಾ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಓದಿರುವುದು ಎಸ್ಸೆಸ್ಸೆಲ್ಸಿ. ಔಷಧಿಯ ವಿಚಾರ ಡಾಕ್ಟರು ಹೇಳುತ್ತಾರೆ. ಆದರೆ ಚೀಟಿ ಹಿಡಿದು ಮನೆಗೆ ಬಂದ ಮೇಲೆ ರೋಗಿ ಏನು ಉಣ್ಣಬೇಕು, ಯಾವ ಕಷಾಯ ಕುಡಿಯಬಹುದು, ಎಷ್ಟು ಓಡಾಡಬೇಕು, ಈ ಮೂರೂ ನಮ್ಮ ಕೈಲಿರೋದು. ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಊಟ. ಕೊಟ್ಟಿಗೆಯಿಂದಲೇ ಶುರು ಮಾಡೋಣ. ಹಸು ಕರು ಹಾಕಿದರೆ ನಾವೇನು ಮಾಡ್ತೀವಿ? ಹಿಂಡಿ, ಬೂಸಾ, ಖನಿಜ ಮಿಶ್ರಣ, ಹಸಿ ಮೇವು ಎಲ್ಲಾ ಕೊಡ್ತೀವಿ. ಮೇವಿಲ್ಲದೆ ಬರೀ ಸೂಜಿಯಿಂದ ಹಸು ಏಳೋದಿಲ್ಲ ಅಂತ ಎಲ್ಲರಿಗೂ ಗೊತ್ತು. ಅದೇ ಮನೆಯಲ್ಲಿ ಮನುಷ್ಯ ಮಲಗಿದರೆ ಹದಿನೈದು ದಿನ ಬರೀ ಗಂಜಿ. ಪಥ್ಯ ಅಂತ ಬೇಳೆ ಬಿಡಿಸ್ತೀವಿ, ಮೊಟ್ಟೆ ಬಿಡಿಸ್ತೀವಿ, ಮೊಸರು ಶೀತ ಅಂತೀವಿ. ಎರಡು ಹೊತ್ತೂ ಕ್ಯಾನು ತುಂಬಾ ಹಾಲು ಡೇರಿಗೆ ಹಾಕಿ, ರೋಗಿಗೆ ಕರಿ ಕಾಫಿ ಕೊಡುವ ಮನೆಗಳು ನಮ್ಮಲ್ಲೇ ಇವೆ. ಹಾಲಿನ ಸಂಘದ ನಿರ್ದೇಶಕನ ಬಾಯಲ್ಲಿ ಈ ಮಾತು ಬರಬಾರದೇನೋ, ಆದರೂ ಹೇಳ್ತೀನಿ: ಮನೆಯಲ್ಲಿ ಬಾಣಂತಿ, ಮಗು, ರೋಗಿ ಇದ್ದರೆ ಅರ್ಧ ಲೀಟರು ಉಳಿಸಿಕೊಂಡು ಮಿಕ್ಕಿದ್ದನ್ನು ಡೇರಿಗೆ ತನ್ನಿ. ಒಂದು ದೊಡ್ಡ ಲೋಟ ಹಾಲಿನಲ್ಲಿ 7-8 ಗ್ರಾಂ ಪ್ರೋಟೀನು ಇದೆ. ಸೊರಗಿದ ಮೈ ತುಂಬಿಕೊಳ್ಳೋಕೆ ಅದು ಬೇಕೇ ಬೇಕು.

ಊಟ ಎಷ್ಟು ಕೆಲಸ ಮಾಡುತ್ತದೆ ಅನ್ನೋದಕ್ಕೆ ಕ್ಷಯ ರೋಗವೇ ಸಾಕ್ಷಿ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ದಂಪತಿಗಳು ಮತ್ತು ಸಂಗಡಿಗರು ಜಾರ್ಖಂಡ್ ರಾಜ್ಯದಲ್ಲಿ ಒಂದು ದೊಡ್ಡ ಅಧ್ಯಯನ ಮಾಡಿದರು. ಅದು 2023ರಲ್ಲಿ ಪ್ರಕಟವಾಯಿತು. ಟಿ.ಬಿ. ರೋಗಿಗಳಿಗೆ ಮಾತ್ರೆಯ ಜೊತೆ ತಿಂಗಳಿಗೆ 10 ಕೆ.ಜಿ. ಆಹಾರ ಸಾಮಗ್ರಿ ಕೊಟ್ಟರು. ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಇಷ್ಟೇ. ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರಲ್ಲಿ ಸಾವು ಬಹಳ ಕಡಿಮೆಯಾಯಿತು. ಕೆಲವು ಮನೆಗಳಲ್ಲಿ ರೋಗಿಯ ಜೊತೆಗಿದ್ದವರಿಗೂ ತಲಾ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟರು. ಆ ಮನೆಗಳಲ್ಲಿ ಹೊಸದಾಗಿ ಟಿ.ಬಿ. ಬರುವುದು ನೂರಕ್ಕೆ ಸುಮಾರು 40ರಷ್ಟು ತಗ್ಗಿತು. ಬೇಳೆ ಸಾರು ರೋಗ ತಡೆಯುತ್ತದೆ ಅಂದರೆ ಇದೇ ಅಲ್ಲವೇ? ಹಾಗಂತ ಆರು ತಿಂಗಳ ಮಾತ್ರೆ ಬಿಡುವಂತಿಲ್ಲ. ಮಾತ್ರೆ ರೋಗಾಣು ಕೊಲ್ಲುತ್ತದೆ, ಊಟ ಮನುಷ್ಯನನ್ನು ಉಳಿಸುತ್ತದೆ.

ಇನ್ನು ಸಕ್ಕರೆ ಕಾಯಿಲೆ. ಮುದ್ದೆ ಉಂಡರೆ ಸಕ್ಕರೆ ಏರೋದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 350 ಮಿ.ಗ್ರಾಂ. ಸುತ್ತಮುತ್ತ ಇದೆ, ನಾರಿನಂಶವೂ ಅಕ್ಕಿಗಿಂತ ಹೆಚ್ಚು. ಆದರೆ ರಾಗಿಯಲ್ಲೂ ಹಿಟ್ಟಿನ ಅಂಶವೇ ಜಾಸ್ತಿ. ಎರಡು ದಪ್ಪ ಮುದ್ದೆ, ಮೇಲೆ ಒಂದು ತಟ್ಟೆ ಅನ್ನ ಅಂದರೆ ಸಕ್ಕರೆ ಏರಿಯೇ ಏರುತ್ತದೆ. ಮುದ್ದೆ ಚಿಕ್ಕದಾಗಲಿ, ಸೊಪ್ಪು ಕಾಳಿನ ಬಸ್ಸಾರು ಜಾಸ್ತಿಯಾಗಲಿ. ಬಿ.ಪಿ. ಇರುವವರು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ತಗ್ಗಿಸಬೇಕು. ದಿನಕ್ಕೆ ಒಬ್ಬರಿಗೆ ಉಪ್ಪು 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಮೂತ್ರಪಿಂಡದ ತೊಂದರೆ ಇರುವವರ ಪಥ್ಯವೇ ಬೇರೆ, ಅವರು ಡಾಕ್ಟರನ್ನು ಕೇಳಿಯೇ ಊಟ ಬದಲಿಸಬೇಕು.

ಎರಡನೆಯದು ಗಿಡಮೂಲಿಕೆ. ಇದನ್ನು ಹಗುರ ಮಾಡುವವನು ನಾನಲ್ಲ. ಸರ್ಪಗಂಧಿ ಬೇರು ನಮ್ಮ ದೇಶದ ಹಳೇ ಮದ್ದು. ಮುಂಬೈಯ ಡಾ. ರುಸ್ತುಂ ಜಾಲ್ ವಕೀಲರು ಅದು ರಕ್ತದೊತ್ತಡ ಇಳಿಸುವುದನ್ನು 1949ರಲ್ಲಿ ಇಂಗ್ಲೆಂಡಿನ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರ ಸಾರ ತೆಗೆದರು, ಲೋಕಕ್ಕೆಲ್ಲಾ ಮಾತ್ರೆಯಾಯಿತು. ಆದರೆ ಅದೇ ಬೇರು ಪ್ರಮಾಣ ಮೀರಿದರೆ ಬಿ.ಪಿ. ಪೂರಾ ಇಳಿದು ಮನುಷ್ಯ ಕುಸಿಯುತ್ತಾನೆ. ಗುಣ ಇರುವ ಬೇರಿಗೆ ಅವಗುಣವೂ ಇರುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುಡಿದೆವು. ಅದನ್ನು ತಿಂಗಳುಗಟ್ಟಲೆ ಕುಡಿದ ಕೆಲವರ ಲಿವರಿಗೆ ಪೆಟ್ಟಾಗಿದೆ ಅಂತ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಆಯುಷ್ ಇಲಾಖೆ ಅದನ್ನು ಒಪ್ಪಲಿಲ್ಲ. ಆ ಚರ್ಚೆ ದೊಡ್ಡವರಿಗೆ ಬಿಡೋಣ. ಲಿವರ್ ತೊಂದರೆ ಇರುವವರು ಕೇಳದೆ ಕುಡಿಯೋದು ಬೇಡ.

ನೆಗಡಿಗೆ ಶುಂಠಿ ಮೆಣಸಿನ ಕಷಾಯ, ಕೆಮ್ಮಿಗೆ ತುಳಸಿ, ದೊಡ್ಡಪತ್ರೆ, ಜೇನು ಇವು ನೆಮ್ಮದಿ ಕೊಡುತ್ತವೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ನೆಕ್ಕಿಸಬಾರದು. ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ನೆಚ್ಚದೆ ಕಫ ಪರೀಕ್ಷೆ ಮಾಡಿಸಿ. ನೆನೆಸಿದ ಮೆಂತ್ಯ ಸಕ್ಕರೆಯನ್ನು ಸ್ವಲ್ಪ ಇಳಿಸುತ್ತದೆ, ಆದರೆ ಮಾತ್ರೆ ಬಿಡಿಸುವಷ್ಟಲ್ಲ. ಮಾತ್ರೆಯ ಜೊತೆ ತಿನ್ನುವವರು ಡಾಕ್ಟರಿಗೆ ಹೇಳಿಬಿಡಿ, ಸಕ್ಕರೆ ಅತಿಯಾಗಿ ಇಳಿದರೂ ಅಪಾಯವೇ. ಸಂತೆಯಲ್ಲಿ ಮಾರುವ ಹೆಸರಿಲ್ಲದ ಪುಡಿಗಳನ್ನು ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡು, ಸೀಸ ಪತ್ತೆಯಾಗಿದ್ದುಂಟು. ಹಾವು ಕಚ್ಚಿದರೆ ಸೊಪ್ಪು ಅರೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆ.

ಮೂರನೆಯದು ವ್ಯಾಯಾಮ. ಹೊಲದಲ್ಲಿ ದುಡಿಯೋರಿಗೆ ಯಾತರ ವ್ಯಾಯಾಮ ಅಂತೀರಿ. ನಿಜವಾಗಿ ಲೆಕ್ಕ ಹಾಕಿ. ಉಳುಮೆಗೆ ಟ್ರ್ಯಾಕ್ಟರು, ನೀರಿಗೆ ಮೋಟಾರು, ಎರಡು ಫರ್ಲಾಂಗು ದೂರದ ಡೇರಿಗೆ ಬರೋಕೂ ಬೈಕು. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಕ್ಯಾನು ಹಿಡಿದು ನಡೆದೇ ಬಂದರೆ ಅರ್ಧ ಲೆಕ್ಕ ಚುಕ್ತಾ. ಸಕ್ಕರೆ ಇರುವವರು ಚಪ್ಪಲಿ ಇಲ್ಲದೆ ನಡೆಯಬೇಡಿ, ಮಲಗುವ ಮುಂಚೆ ಅಂಗಾಲು ನೋಡಿಕೊಳ್ಳಿ. ಸ್ಪರ್ಶ ಸತ್ತ ಕಾಲಿಗೆ ಮುಳ್ಳು ಚುಚ್ಚಿದ್ದೂ ಗೊತ್ತಾಗದು. ಲಕ್ವ ಹೊಡೆದವರ ಕೈಕಾಲನ್ನು ಡಾಕ್ಟರು ತೋರಿಸಿದ ಹಾಗೆ ದಿನಾ ಆಡಿಸಬೇಕು, ಸುಮ್ಮನೆ ಮಲಗಿಸಿದರೆ ಕೀಲು ಬಿಗಿಯುತ್ತದೆ. ಆಪರೇಷನ್ ಆದವರನ್ನು ಡಾಕ್ಟರು ಎಬ್ಬಿಸಿ ನಡೆಸಿ ಅಂದರೆ ಅಯ್ಯೋ ಪಾಪ ಅನ್ನಬೇಡಿ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಆದರೆ ಜ್ವರ ಇರುವ ಟಿ.ಬಿ. ರೋಗಿಯನ್ನು ಕೂಲಿಗೆ ಕಳಿಸಬಾರದು. ಅವನಿಗೆ ವಿಶ್ರಾಂತಿಯೇ ಮದ್ದು.

ಕೊನೆಗೆ ಆಡಳಿತ ಮಂಡಳಿಗೆ ಒಂದು ಅರಿಕೆ. ಟಿ.ಬಿ. ರೋಗಿಯ ಊಟಕ್ಕೆ ಕೇಂದ್ರ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. 2022ರಲ್ಲಿ ಶುರುವಾದ ನಿಕ್ಷಯ್ ಮಿತ್ರ ಯೋಜನೆಯಲ್ಲಿ ಸಹಕಾರ ಸಂಘಗಳೂ ಸೇರಿ ರೋಗಿಗಳಿಗೆ ಆಹಾರ ಸಾಮಗ್ರಿ ಕೊಡಬಹುದು. ಲಾಭದಲ್ಲಿ ಧರ್ಮಕಾರ್ಯಕ್ಕೆ ತೆಗೆದಿಡುವ ಹಣದಲ್ಲಿ ನಮ್ಮ ಊರಿನ ರೋಗಿಗಳಿಗೆ ಆರು ತಿಂಗಳು ಬೇಳೆ, ಮೊಟ್ಟೆ, ಹಾಲು ಕೊಡೋಣ. ಅವರ ಹೆಸರು ಬೋರ್ಡಿನ ಮೇಲೆ ಬರೆಯೋದು ಬೇಡ, ಫೋಟೋ ಬೇಡ. ಇಪ್ಪತ್ತೈದು ವರ್ಷ ಊರಿನ ಹಾಲು ಕುಡಿದು ಬೆಳೆದ ಸಂಘ ಇದು. ಊರಿನ ರೋಗಿಗೆ ಒಂದು ಲೋಟ ಹಾಲು ಅದರ ಸಾಲವೇ ಹೊರತು ದಾನವಲ್ಲ.



ಜೈ ಸಹಕಾರ. ಜೈ ಕರ್ನಾಟಕ.