ಬಿರುಗಾಳಿಯ ಬೆನ್ನಿಗೆ ಬಂದ ನೆರವು

ಅಟ್ಲಾಂಟಿಕ್ ಸಾಗರದಲ್ಲಿಯೂ ಮೆಕ್ಸಿಕೋ ಕೊಲ್ಲಿಯಲ್ಲಿಯೂ ಹುಟ್ಟಿ, ಗಂಟೆಗೆ 119 ಕಿಲೋಮೀಟರು ಅಥವಾ ಅದಕ್ಕೂ ಮಿಕ್ಕಿದ ವೇಗದಲ್ಲಿ ಸುತ್ತುವ ಚಂಡಮಾರುತವನ್ನು ಹರಿಕೇನ್ ಎಂದು ಕರೆಯುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಎದ್ದು ಒಡಿಶಾ ಮತ್ತು ಆಂಧ್ರದ ಕರಾವಳಿಗೆ ಅಪ್ಪಳಿಸುವ ಚಂಡಮಾರುತವೂ ಇದೇ ಜಾತಿಗೆ ಸೇರಿದ್ದು. ಗಾಳಿಯ ಹೊಡೆತ ಒಂದು ದಿನದಲ್ಲಿ ಮುಗಿದರೂ, ಅದು ತಳ್ಳಿಕೊಂಡು ಬಂದ ಕಡಲ ನೀರು ಮನೆ, ಬೆಳೆ, ಬಾವಿಗಳನ್ನು ಕೆಡಿಸಿ ಹೋದ ಮೇಲೆ, ಬದುಕಿ ಉಳಿದವರ ಊಟಕ್ಕೂ ಸೂರಿಗೂ ಯಾರು ಹೊಣೆ ಎಂಬ ಪ್ರಶ್ನೆ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನವು ಈ ಹೊಣೆಯಲ್ಲಿ ದೊಡ್ಡ ಪಾಲನ್ನು ಸಾಮಾನ್ಯ ನಾಗರಿಕರ ಮತ್ತು ವ್ಯಾಪಾರಿ ಕಂಪನಿಗಳ ದೇಣಿಗೆಗೆ ಬಿಟ್ಟುಕೊಂಡು ಬಂದಿರುವುದರಿಂದ, ಅಲ್ಲಿನ ಚಂಡಮಾರುತಗಳ ಚರಿತ್ರೆಯೊಳಗೆ ದಾನದ ಚರಿತ್ರೆಯೊಂದು ಹೆಣೆದುಕೊಂಡಿದೆ. ಕೊಟ್ಟ ಮೊತ್ತ ಎಷ್ಟು ಎಂಬುದಕ್ಕಿಂತ, ಕೊಟ್ಟದ್ದು ಪಡೆದವರ ಅಗತ್ಯಕ್ಕೆ ಹೊಂದಿತೇ ಎಂಬುದೇ ಆ ಚರಿತ್ರೆಯ ಉದ್ದಕ್ಕೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಅಮೆರಿಕದ ಒಕ್ಕೂಟ ಸರ್ಕಾರ ಇಂಥ ಹೊಣೆಯನ್ನು ತನ್ನದೆಂದು ಸಾಮಾನ್ಯವಾಗಿ ಒಪ್ಪಿರಲಿಲ್ಲ. 1887ರಲ್ಲಿ ಬರಗಾಲದಿಂದ ಕಂಗೆಟ್ಟಿದ್ದ ಟೆಕ್ಸಾಸ್ ರೈತರಿಗೆ ಬಿತ್ತನೆ ಬೀಜ ಕೊಳ್ಳಲು ಶಾಸನಸಭೆ ಮಂಜೂರು ಮಾಡಿದ್ದ ಬರೀ 10,000 ಡಾಲರನ್ನು ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತಡೆಹಿಡಿದರು. ಪ್ರಜೆಗಳು ಸರ್ಕಾರವನ್ನು ಪೋಷಿಸಬೇಕೇ ಹೊರತು ಸರ್ಕಾರ ಪ್ರಜೆಗಳನ್ನು ಪೋಷಿಸುವುದು ತರವಲ್ಲ, ಸಂಕಟದಲ್ಲಿರುವವರಿಗೆ ನೆರೆಹೊರೆಯವರ ಔದಾರ್ಯವೇ ಒದಗಬೇಕು ಎಂಬುದು ಅವರ ನಿಲುವಾಗಿತ್ತು. ಈ ನಿಲುವು ಎಷ್ಟು ಕಠಿಣವಾದದ್ದು ಎಂಬುದು ಆರು ವರ್ಷಗಳ ನಂತರ, ಅವರೇ ಎರಡನೆಯ ಬಾರಿಗೆ ಅಧ್ಯಕ್ಷರಾಗಿದ್ದಾಗ ತಿಳಿಯಿತು.

1893ರ ಆಗಸ್ಟ್ 27ರ ರಾತ್ರಿ ಜಾರ್ಜಿಯಾ ಮತ್ತು ದಕ್ಷಿಣ ಕ್ಯಾರೊಲಿನಾ ಕರಾವಳಿಯ ಸೀ ಐಲೆಂಡ್ಸ್ ಎಂಬ ತಗ್ಗು ದ್ವೀಪಗಳ ಮೇಲೆ ಚಂಡಮಾರುತ ಎರಗಿ, ಸಾವಿರಕ್ಕೂ ಹೆಚ್ಚು ಜನರನ್ನು ಕೊಂದು, ಸುಮಾರು 30,000 ಮಂದಿಯನ್ನು ನಿರ್ಗತಿಕರನ್ನಾಗಿ ಮಾಡಿತು. ಅವರಲ್ಲಿ ಬಹುಪಾಲು ಜನ ಗುಲಾಮಗಿರಿಯಿಂದ ಬಿಡುಗಡೆಯಾಗಿ ಸುಮಾರು ಮೂರು ದಶಕವಷ್ಟೇ ಕಳೆದಿದ್ದ ಕರಿಯ ರೈತರು. ಅಮೆರಿಕನ್ ರೆಡ್ ಕ್ರಾಸ್ ಸಂಸ್ಥೆಯನ್ನು 1881ರಲ್ಲಿ ಸ್ಥಾಪಿಸಿದ್ದ ಕ್ಲಾರಾ ಬಾರ್ಟನ್ ಅಲ್ಲಿಗೆ ಹೋಗಿ ಸುಮಾರು ಹತ್ತು ತಿಂಗಳು ನಿಂತರು. ಅವರ ಕೈಯಲ್ಲಿದ್ದ ನಗದು ಸುಮಾರು 30,000 ಡಾಲರ್, ಎಂದರೆ ತಲೆಗೆ ಒಂದೇ ಡಾಲರ್. ಉಳಿದದ್ದು ದೇಶದ ನಾನಾ ಕಡೆಯಿಂದ ಬಂದ ಹಳೆಯ ಬಟ್ಟೆ ಮತ್ತು ಧಾನ್ಯ. ಏಳು ಜನರ ಕುಟುಂಬಕ್ಕೆ ವಾರಕ್ಕೆ ಸುಮಾರು ಒಂಬತ್ತು ಲೀಟರು ಅಳತೆಯ ಮೆಕ್ಕೆಜೋಳದ ನುಚ್ಚು ಮತ್ತು ಒಂದು ಪೌಂಡು ಹಂದಿಮಾಂಸ, ಇಷ್ಟೇ ಪಡಿ. ಆದರೆ ಬಾರ್ಟನ್ ಪಡಿ ಹಂಚುವುದರಲ್ಲೇ ನಿಲ್ಲಲಿಲ್ಲ. ಉಪ್ಪುನೀರು ನಿಂತ ಹೊಲಗಳಿಂದ ನೀರು ಹರಿಸಲು ಊರವರಿಂದಲೇ ಕಾಲುವೆ ತೋಡಿಸಿದರು, ಹೆಂಗಸರ ಹೊಲಿಗೆ ಗುಂಪುಗಳನ್ನು ಕಟ್ಟಿ ಬಂದ ಬಟ್ಟೆಗಳನ್ನು ಅವರಿಂದಲೇ ಸರಿಪಡಿಸಿ ಹಂಚಿಸಿದರು, ಮುಂದಿನ ಬೆಳೆಗೆ ಬೀಜ ಒದಗಿಸಿದರು. ಸಂತ್ರಸ್ತರು ಕೈಯೊಡ್ಡಿ ನಿಲ್ಲುವವರಾಗದೆ, ತಮ್ಮ ಕೆಲಸವನ್ನು ತಾವೇ ಮುಂದುವರಿಸಬೇಕು ಎಂಬ ಈ ವಿಚಾರ ಆ ಕಾಲಕ್ಕೆ ಅಪರೂಪವಾಗಿತ್ತು. ಈಗಲೂ ಅದು ಇರಬೇಕಾದಷ್ಟು ಸಾಮಾನ್ಯವಾಗಿಲ್ಲ.

ಏಳು ವರ್ಷಗಳ ಮೇಲೆ, 1900ರ ಸೆಪ್ಟೆಂಬರ್ 8ರಂದು, ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ಎಂಬ ಶ್ರೀಮಂತ ಬಂದರು ಪಟ್ಟಣ ಮುಳುಗಿತು. ಸುಮಾರು 38,000 ಜನಸಂಖ್ಯೆಯ, ಸಮುದ್ರಮಟ್ಟದಿಂದ ಒಂಬತ್ತು ಅಡಿ ಎತ್ತರವೂ ಇಲ್ಲದ ಆ ದ್ವೀಪದ ಮೇಲೆ ಸುಮಾರು ಹದಿನೈದು ಅಡಿಯ ಉಬ್ಬರ ಏರಿ ಬಂದಾಗ ಕನಿಷ್ಠ 6,000 ಜನ ಸತ್ತರು. ಅಮೆರಿಕದ ಯಾವ ಪ್ರಕೃತಿ ವಿಕೋಪದಲ್ಲಿಯೂ ಇಂದಿಗೂ ಇಷ್ಟು ಜನ ಸತ್ತಿಲ್ಲ. ಸೀ ಐಲೆಂಡ್ಸ್‌ಗೆ ಬಾರದ ದೇಣಿಗೆ ಗ್ಯಾಲ್ವೆಸ್ಟನ್‌ಗೆ ಪ್ರವಾಹವಾಗಿ ಬಂತು. ಒಟ್ಟು ಮೊತ್ತ 12 ಲಕ್ಷ ಡಾಲರನ್ನು ದಾಟಿತು. ಸತ್ತವರ ಸಂಖ್ಯೆಯೊಂದೇ ಇದಕ್ಕೆ ಕಾರಣವಲ್ಲ. ಗ್ಯಾಲ್ವೆಸ್ಟನ್ ಹತ್ತಿ ವ್ಯಾಪಾರದ ಮೂಲಕ ನ್ಯೂಯಾರ್ಕ್, ಲಿವರ್‌ಪೂಲ್‌ಗಳ ಸಾಹುಕಾರರಿಗೆಲ್ಲ ಪರಿಚಯವಿದ್ದ ಊರು, ಮತ್ತು ಆ ಕಾಲದ ಎರಡು ಪ್ರಬಲ ಪತ್ರಿಕಾ ಮನೆತನಗಳು ಅದರ ಮೇಲೆ ಕಣ್ಣಿಟ್ಟಿದ್ದವು. ಜೋಸೆಫ್ ಪುಲಿಟ್ಜರ್ ಅವರ ‘ವರ್ಲ್ಡ್’ ಪತ್ರಿಕೆ ಬಾರ್ಟನ್ ಅವರ ಪ್ರಯಾಣಕ್ಕೂ ನಿಧಿ ಸಂಗ್ರಹಕ್ಕೂ ಬೆಂಬಲವಾಗಿ ನಿಂತಿತು. ಪ್ರತಿಸ್ಪರ್ಧಿ ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ ತಮ್ಮ ಪತ್ರಿಕೆಗಳ ಹೆಸರಿನಲ್ಲಿ ಪರಿಹಾರದ ರೈಲುಗಳನ್ನೇ ಕಳುಹಿಸಿದರು, ಮತ್ತು ಅನಾಥ ಮಕ್ಕಳಿಗಾಗಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ನಡೆಸಿದ ಸಹಾಯಾರ್ಥ ಮೇಳದಲ್ಲಿ ಸಾಹಿತಿ ಮಾರ್ಕ್ ಟ್ವೇನ್ ಮಾತನಾಡಿದರು. ಪತ್ರಿಕೆಯ ಪ್ರಸಾರ ಏರಿಸುವ ಹಂಬಲವೂ ನಿಜವಾದ ಕನಿಕರವೂ ಇಲ್ಲಿ ಬೇರ್ಪಡಿಸಲಾಗದಂತೆ ಬೆರೆತಿದ್ದವು. ಓದುಗರ ಮನೆಗೆ ಚಿತ್ರವಾಗಿ ತಲುಪಿದ ಸಂಕಟಕ್ಕೆ ಹಣ ಹರಿಯುತ್ತದೆ, ತಲುಪದ ಸಂಕಟ ಕಾಯುತ್ತ ಕೂರುತ್ತದೆ ಎಂಬ ಕಹಿ ಸಂಗತಿ ಇಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡಿತು.

ಆಗ 78 ವರ್ಷದವರಾಗಿದ್ದ ಬಾರ್ಟನ್ ಗ್ಯಾಲ್ವೆಸ್ಟನ್‌ನಲ್ಲಿ ಮಾಡಿದ ಒಂದು ಕೆಲಸವನ್ನು ವಿಶೇಷವಾಗಿ ಗಮನಿಸಬೇಕು. ಪಟ್ಟಣದ ಎದುರಿನ ಒಳನಾಡಿನಲ್ಲಿ ಸ್ಟ್ರಾಬೆರಿ ಬೆಳೆಯುತ್ತಿದ್ದ ಸಣ್ಣ ರೈತರ ತೋಟಗಳು ಕೊಚ್ಚಿಹೋಗಿದ್ದವು. ಸುದ್ದಿಯೆಲ್ಲ ಪಟ್ಟಣದ ಸುತ್ತಲೇ ಇದ್ದುದರಿಂದ ಅವರನ್ನು ಕೇಳುವವರಿರಲಿಲ್ಲ. ಆ ಸೀಮೆಯಲ್ಲಿ ಶರತ್ಕಾಲದಲ್ಲಿ ಸಸಿ ನೆಟ್ಟರೆ ವಸಂತಕ್ಕೆ ಹಣ್ಣು ಕೈಗೆ ಬರುತ್ತದೆ, ನೆಡುವ ಕಾಲ ತಪ್ಪಿದರೆ ಒಂದು ವರ್ಷದ ಆದಾಯವೇ ಹೋಗುತ್ತದೆ. ಇದನ್ನು ರೈತರಿಂದ ಕೇಳಿ ತಿಳಿದ ರೆಡ್ ಕ್ರಾಸ್ 15 ಲಕ್ಷ ಸ್ಟ್ರಾಬೆರಿ ಸಸಿಗಳನ್ನು ಕೊಂಡು ಅವರಿಗೆ ಹಂಚಿತು. ದೇಣಿಗೆಯ ಹಣ ಅಲ್ಲಿ ಊಟವಾಗಿ ಕರಗದೆ, ಮುಂದಿನ ಬೆಳೆಯಾಗಿ ನಿಂತಿತು.

ಇಷ್ಟರವರೆಗೆ ದಾನಿಗಳೆಂದರೆ ಬಹುಮಟ್ಟಿಗೆ ವ್ಯಕ್ತಿಗಳು, ಚರ್ಚುಗಳು, ಸಂಘಗಳು. ಕಂಪನಿಗಳು ಕೊಡುತ್ತಿರಲಿಲ್ಲವೆಂದಲ್ಲ, ರೈಲ್ವೆ ಕಂಪನಿಗಳು ಗ್ಯಾಲ್ವೆಸ್ಟನ್‌ಗೆ ಪರಿಹಾರ ಸಾಮಗ್ರಿಯನ್ನು ಬಾಡಿಗೆಯಿಲ್ಲದೆ ಸಾಗಿಸಿದ್ದವು. ಆದರೆ ಕಂಪನಿಯ ಹಣ ಷೇರುದಾರರದು, ಅದನ್ನು ನೋಡಿಕೊಳ್ಳುವ ನಿರ್ದೇಶಕರು ವ್ಯವಹಾರಕ್ಕೆ ನೇರ ಲಾಭವಿಲ್ಲದ ಕೆಲಸಕ್ಕೆ ಅದನ್ನು ಕೊಡುವಂತಿಲ್ಲ ಎಂಬುದು ಅಂದಿನ ಕಾನೂನಿನ ಸಾಮಾನ್ಯ ತಿಳುವಳಿಕೆಯಾಗಿತ್ತು. ಈ ಕಟ್ಟು ಸಡಿಲಗೊಂಡದ್ದು ನಿಧಾನವಾಗಿ, ಮುಖ್ಯವಾಗಿ ತೆರಿಗೆಯ ಮೂಲಕ. ಮೊದಲನೆಯ ಮಹಾಯುದ್ಧದ ವೆಚ್ಚಕ್ಕಾಗಿ ಆದಾಯ ತೆರಿಗೆ ಏರಿದಾಗ ದಾನ ಬತ್ತೀತೆಂಬ ಆತಂಕದಿಂದ, 1917ರಲ್ಲಿ, ವ್ಯಕ್ತಿಯೊಬ್ಬ ತನ್ನ ಆದಾಯದ ಶೇಕಡಾ 15ರವರೆಗಿನ ದಾನವನ್ನು ತೆರಿಗೆಯ ಲೆಕ್ಕದಿಂದ ಕಳೆಯಬಹುದೆಂಬ ನಿಯಮ ಬಂತು. ಕಂಪನಿಗಳಿಗೆ ಅಂಥ ವಿನಾಯಿತಿ ಸಿಕ್ಕಿದ್ದು 1935ರ ಕಾನೂನಿನಲ್ಲಿ, ಲಾಭದ ಶೇಕಡಾ 5ರ ಮಿತಿಯೊಂದಿಗೆ. ಆ ಮಿತಿ 1981ರಲ್ಲಿ ಶೇಕಡಾ 10ಕ್ಕೆ ಏರಿತು.

ಆದರೂ ಷೇರುದಾರರ ಹಣವನ್ನು ಹೀಗೆ ಕೊಡುವ ಹಕ್ಕಿನ ಪ್ರಶ್ನೆ ಉಳಿದೇ ಇತ್ತು. ಅದನ್ನು ಬಗೆಹರಿಸಿದ್ದು ನೋಡಲು ತೀರ ಸಣ್ಣದಾದ ಒಂದು ಮೊಕದ್ದಮೆ. ನೀರಿನ ಕವಾಟ ಮತ್ತು ಅಗ್ನಿಶಾಮಕ ನಲ್ಲಿಗಳನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಎ. ಪಿ. ಸ್ಮಿತ್ ಕಂಪನಿ 1951ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ 1,500 ಡಾಲರ್ ಕೊಡಲು ತೀರ್ಮಾನಿಸಿದಾಗ ಕೆಲವು ಷೇರುದಾರರು ಆಕ್ಷೇಪಿಸಿದರು. 1953ರಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತು, ದೇಶದ ಸಂಪತ್ತು ಹೆಚ್ಚುಹೆಚ್ಚಾಗಿ ಕಂಪನಿಗಳ ಕೈಸೇರಿರುವಾಗ ಸಮಾಜದ ಹೊಣೆಯಲ್ಲಿ ಅವುಗಳಿಗೂ ಪಾಲಿದೆ ಎಂಬ ಅಭಿಪ್ರಾಯಕ್ಕೆ ಬಂತು. ಮರುವರ್ಷ, 1954ರಲ್ಲಿ, ಜನರಲ್ ಎಲೆಕ್ಟ್ರಿಕ್ ಕಂಪನಿ ತನ್ನ ನೌಕರರು ತಮ್ಮ ಕಾಲೇಜುಗಳಿಗೆ ಕೊಟ್ಟ ಮೊತ್ತಕ್ಕೆ ಸಮನಾದ ಮೊತ್ತವನ್ನು ತಾನೂ ಸೇರಿಸುವ ಪದ್ಧತಿಯನ್ನು ಆರಂಭಿಸಿತು. ಶಿಕ್ಷಣಕ್ಕಾಗಿ ಹುಟ್ಟಿದ ಈ ಎರಡೂ ಏರ್ಪಾಟುಗಳು ಮುಂದೆ ಚಂಡಮಾರುತದ ಪರಿಹಾರಕ್ಕೆ ಒದಗಿದವು. ಇಂದು ದೊಡ್ಡ ಚಂಡಮಾರುತ ಬೀಸಿದೊಡನೆ ಅನೇಕ ಕಂಪನಿಗಳು ನೌಕರರ ದೇಣಿಗೆಗೆ ಸರಿಸಮ ಮೊತ್ತ ಘೋಷಿಸುವುದು ವಾಡಿಕೆಯಾಗಿದೆ. ಇಲ್ಲೊಂದು ಮಾತನ್ನು ಮರೆಯುವಂತಿಲ್ಲ: ಶೇಕಡಾ 35ರ ತೆರಿಗೆಯಿದ್ದ ಕಾಲದಲ್ಲಿ ಕಂಪನಿಯೊಂದು 100 ಡಾಲರ್ ದಾನ ಮಾಡಿದರೆ ಅದರ ತೆರಿಗೆಯಲ್ಲಿ 35 ಡಾಲರ್ ಇಳಿಯುತ್ತಿತ್ತು, ಎಂದರೆ ದಾನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಸಾರ್ವಜನಿಕ ಬೊಕ್ಕಸವೇ ಭರಿಸುತ್ತಿತ್ತು. ಆದ್ದರಿಂದ ಕಂಪನಿಯ ದೇಣಿಗೆ ಎಲ್ಲಿಗೆ ಹೋಯಿತು, ಹೇಗೆ ಖರ್ಚಾಯಿತು ಎಂದು ಕೇಳುವ ಹಕ್ಕು ಎಲ್ಲ ನಾಗರಿಕರಿಗೂ ಇದೆ.

ಹಣಕ್ಕೆ ಬದಲಾಗಿ ವಸ್ತುಗಳನ್ನು ಕೊಡುವ ಪದ್ಧತಿಗೆ ಒಳ್ಳೆಯ ಮುಖವೂ ಕೆಟ್ಟ ಮುಖವೂ ಉಂಟು. ಅನ್‌ಹೈಸರ್ ಬುಷ್ ಎಂಬ ಬಿಯರ್ ಕಂಪನಿ 1988ರಿಂದ ತನ್ನ ಕಾರ್ಖಾನೆಯಲ್ಲಿ ಬಿಯರ್ ತುಂಬುವುದನ್ನು ಆಗಾಗ ನಿಲ್ಲಿಸಿ, ಅದೇ ಯಂತ್ರಗಳಲ್ಲಿ ಕುಡಿಯುವ ನೀರಿನ ಡಬ್ಬಿಗಳನ್ನು ತುಂಬಿಸಿ ವಿಕೋಪದ ಸ್ಥಳಗಳಿಗೆ ಕಳುಹಿಸುತ್ತ ಬಂದಿದೆ. ತನಗೆ ಗೊತ್ತಿರುವ ಕೆಲಸವನ್ನೇ ಅಗತ್ಯಕ್ಕೆ ಒಗ್ಗಿಸಿದ ಉದಾಹರಣೆ ಇದು. ಇದಕ್ಕೆ ವಿರುದ್ಧವಾಗಿ, 1998ರಲ್ಲಿ ಮಿಚ್ ಎಂಬ ಹರಿಕೇನ್ ಮಧ್ಯ ಅಮೆರಿಕದಲ್ಲಿ ಸುಮಾರು 11,000 ಜನರನ್ನು ಬಲಿ ತೆಗೆದುಕೊಂಡಾಗ, ಬಿಸಿಲಿನ ನಾಡಾದ ಹೊಂಡುರಾಸ್‌ಗೆ ಅಮೆರಿಕದ ಮನೆಗಳಿಂದ ಹಳೆಯ ಬಟ್ಟೆಗಳ, ಚಳಿಗಾಲದ ಕೋಟುಗಳ ರಾಶಿ ಬಂದಿತು. ಬಟ್ಟೆಯ ಮೂಟೆಗಳು ವಿಮಾನದ ಓಡುದಾರಿಯನ್ನೇ ಆಕ್ರಮಿಸಿ, ನಿಜವಾಗಿ ಬೇಕಾದ ಸಾಮಗ್ರಿ ಹೊತ್ತ ವಿಮಾನ ಇಳಿಯಲು ಜಾಗವಿಲ್ಲದಂತಾಯಿತೆಂದು ಪರಿಹಾರ ಕಾರ್ಯದ ಅಧಿಕಾರಿಗಳು ಹೇಳಿದ್ದಾರೆ. ಈ ಕ್ಷೇತ್ರದಲ್ಲಿ ದುಡಿಯುವವರು ಇಂಥ ಬೇಡದ ವಸ್ತುಗಳ ಪ್ರವಾಹವನ್ನು ಎರಡನೆಯ ವಿಪತ್ತು ಎಂದು ಕರೆಯುತ್ತಾರೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ವಿಂಗಡಿಸಲು, ಕಾಯ್ದಿಡಲು, ಕೊನೆಗೆ ಸುಡಲು ಸಂತ್ರಸ್ತರ ನಾಡಿನ ಕೈಗಳೇ ಬೇಕಾದಾಗ ಆ ಒಳ್ಳೆಯತನದ ಭಾರ ಅವರ ಹೆಗಲ ಮೇಲೆ ಬೀಳುತ್ತದೆ.

2005ರ ಆಗಸ್ಟ್ 29ರಂದು ಕತ್ರಿನಾ ಹರಿಕೇನ್ ಮೆಕ್ಸಿಕೋ ಕೊಲ್ಲಿಯ ಕರಾವಳಿಗೆ ಅಪ್ಪಳಿಸಿ, ಪ್ರವಾಹ ತಡೆಯುವ ಏರಿಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಶೇಕಡಾ 80ರಷ್ಟು ಭಾಗ ಮುಳುಗಿದಾಗ, ಈ ಇಡೀ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಒಟ್ಟಿಗೆ ಬಯಲಾದವು. ಖಾಸಗಿ ದೇಣಿಗೆಯ ಮೊತ್ತ 500 ಕೋಟಿ ಡಾಲರನ್ನು ಮೀರಿತು. ಅದರಲ್ಲಿ ರೆಡ್ ಕ್ರಾಸ್ ಒಂದಕ್ಕೇ 200 ಕೋಟಿಗೂ ಹೆಚ್ಚು ಬಂತು, ಕಂಪನಿಗಳ ಪಾಲು 100 ಕೋಟಿಯ ಆಸುಪಾಸಿನದು. ಸರ್ಕಾರದ ಲಾರಿಗಳಿಗಾಗಿ ಜನ ದಿನಗಟ್ಟಲೆ ಕಾಯುತ್ತಿದ್ದಾಗ, ವಾಲ್‌ಮಾರ್ಟ್ ಕಂಪನಿಯ 45 ಲಾರಿಗಳು ಚಂಡಮಾರುತ ಬರುವ ಮೊದಲೇ ಮಿಸಿಸಿಪ್ಪಿಯ ಬ್ರೂಕ್‌ಹೇವನ್ ಗೋದಾಮಿನಲ್ಲಿ ಸರಕು ತುಂಬಿಕೊಂಡು ಸಿದ್ಧವಾಗಿದ್ದವು. ಆ ಕಂಪನಿ ಕೋಟಿಗೂ ಹೆಚ್ಚು ಡಾಲರ್ ನಗದಿನ ಜೊತೆಗೆ ಸುಮಾರು 1,500 ಲಾರಿ ಸಾಮಗ್ರಿಯನ್ನು ಒದಗಿಸಿತು. ನಗದಿಗಿಂತಲೂ ದೊಡ್ಡ ಕೊಡುಗೆ ಎಂದರೆ ಅದರ ಸಾಗಣೆಯ ಜಾಣ್ಮೆ. ಪ್ರತಿವರ್ಷ ಚಂಡಮಾರುತದ ಮುನ್ಸೂಚನೆ ನೋಡಿ ಎಲ್ಲಿಗೆ ನೀರು, ಎಲ್ಲಿಗೆ ಜನರೇಟರು ಎಂದು ಲೆಕ್ಕ ಹಾಕುವುದು ಅದರ ವ್ಯಾಪಾರದ ಭಾಗವೇ ಆಗಿತ್ತು. ಹಾಗೆಂದು ಕಂಪನಿ ಸರ್ಕಾರಕ್ಕೆ ಬದಲಿಯಾಗಬಲ್ಲದೆಂದು ತಿಳಿಯುವುದು ತಪ್ಪು. ಒಡೆದ ಏರಿಗಳನ್ನು ಕಟ್ಟುವ, ಹತ್ತು ಲಕ್ಷಕ್ಕೂ ಮಿಕ್ಕಿ ಊರುಬಿಟ್ಟ ಜನರ ಹಕ್ಕುಗಳನ್ನು ಕಾಯುವ ಅಧಿಕಾರವೂ ಹೊಣೆಯೂ ಯಾವ ಕಂಪನಿಗೂ ಇಲ್ಲ.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಶಾಸನಸಭೆ ವಿಶೇಷ ಕಾನೂನೊಂದನ್ನು ತಂದು, ವ್ಯಕ್ತಿಗಳ ದಾನಕ್ಕಿದ್ದ ಆದಾಯದ ಅರ್ಧದ ಮಿತಿಯನ್ನೂ ಕಂಪನಿಗಳ ಶೇಕಡಾ 10ರ ಮಿತಿಯನ್ನೂ ವರ್ಷಾಂತ್ಯದವರೆಗೆ ತೆಗೆದುಹಾಕಿತು. ಇತ್ತ ಸುಳ್ಳು ಸಂಸ್ಥೆಗಳ ಹೆಸರಿನಲ್ಲಿ ಹಣ ದೋಚುವವರೂ ಹುಟ್ಟಿಕೊಂಡದ್ದರಿಂದ ನ್ಯಾಯಾಂಗ ಇಲಾಖೆ ಕತ್ರಿನಾ ವಂಚನೆಗಳಿಗೆಂದೇ ಪ್ರತ್ಯೇಕ ತನಿಖಾ ಪಡೆಯನ್ನು ರಚಿಸಬೇಕಾಯಿತು. ಇನ್ನು ಹೊರದೇಶಗಳ ನೆರವು. ಕುವೈತ್ 50 ಕೋಟಿ ಡಾಲರ್ ಘೋಷಿಸಿದರೆ, ಅದಕ್ಕೆ ಎಂಟು ತಿಂಗಳ ಹಿಂದಷ್ಟೇ ಸುನಾಮಿಯಿಂದ ನಲುಗಿದ್ದ ಶ್ರೀಲಂಕಾ 25,000 ಡಾಲರ್ ಕೊಡಲು ಮುಂದಾಯಿತು. ಭಾರತ ಸರ್ಕಾರ ರೆಡ್ ಕ್ರಾಸ್‌ಗೆ 50 ಲಕ್ಷ ಡಾಲರ್ ನೀಡಿ, ವಾಯುಪಡೆಯ ಐಎಲ್-76 ವಿಮಾನದಲ್ಲಿ 25 ಟನ್ ಟಾರ್ಪಾಲು, ಕಂಬಳಿ ಮೊದಲಾದ ಸಾಮಗ್ರಿಯನ್ನು ಆರ್ಕನ್ಸಾಸ್‌ಗೆ ಇಳಿಸಿತು. ಹೊರದೇಶಗಳು ಒಟ್ಟಾರೆ ನೀಡಲು ಮುಂದಾದ 85.4 ಕೋಟಿ ಡಾಲರ್ ಮೌಲ್ಯದ ನಗದು ಮತ್ತು ತೈಲದಲ್ಲಿ, 2007ರ ಏಪ್ರಿಲ್ ವೇಳೆಗೆ ಸಂತ್ರಸ್ತರಿಗಾಗಿ ಬಳಕೆಯಾದದ್ದು 4 ಕೋಟಿ ಮಾತ್ರ ಎಂದು ‘ವಾಷಿಂಗ್ಟನ್ ಪೋಸ್ಟ್’ ವರದಿ ಮಾಡಿತು. ಕೊಡಲು ಮಾತ್ರ ಕಲಿತಿದ್ದ ದೊಡ್ಡ ರಾಷ್ಟ್ರವೊಂದರ ಬಳಿ ಪಡೆಯುವುದಕ್ಕೆ ಬೇಕಾದ ಏರ್ಪಾಟು ಇರಲಿಲ್ಲ.

2017ರಲ್ಲಿ ಟೆಕ್ಸಾಸ್‌ಗೆ ಅಪ್ಪಳಿಸಿದ ಹಾರ್ವಿ ಹರಿಕೇನ್ ಹೊತ್ತಿಗೆ ದೇಣಿಗೆಯ ದಾರಿಗಳು ಬದಲಾಗಿದ್ದವು. ಹ್ಯೂಸ್ಟನ್ನಿನ ಫುಟ್‌ಬಾಲ್ ಆಟಗಾರ ಜೆ. ಜೆ. ವ್ಯಾಟ್ ಅಂತರ್ಜಾಲದಲ್ಲಿ 2 ಲಕ್ಷ ಡಾಲರ್ ಗುರಿಯಿಟ್ಟು ಆರಂಭಿಸಿದ ಸಂಗ್ರಹ ಮೂರು ವಾರದೊಳಗೆ 3.7 ಕೋಟಿಯನ್ನು ದಾಟಿತು. ಅದೇ ಊರಿನಲ್ಲಿ ಬೆಳೆದ ಕಂಪ್ಯೂಟರ್ ಉದ್ಯಮಿ ಮೈಕೆಲ್ ಡೆಲ್ ಅವರ ಪ್ರತಿಷ್ಠಾನ ಘೋಷಿಸಿದ್ದು 3.6 ಕೋಟಿ. ಎರಡು ಲಕ್ಷಕ್ಕೂ ಮಿಕ್ಕಿದ ಸಣ್ಣ ದಾನಿಗಳ ಹಣವೂ ಒಬ್ಬ ಶ್ರೀಮಂತನ ಹಣವೂ ಹೀಗೆ ಸರಿಸಮವಾಗಿ ನಿಂತದ್ದು ಗಮನಾರ್ಹ. ಟೆಕ್ಸಾಸ್‌ನ ರೋಸ್ ಸಿಟಿ ಎಂಬ ಕೆಲವೇ ನೂರು ಜನರ ಊರಿನಲ್ಲಿ ಗಿವ್‌ಡೈರೆಕ್ಟ್‌ಲಿ ಸಂಸ್ಥೆ ಕುಟುಂಬಗಳಿಗೆ 1,500 ಡಾಲರಿನ ಡೆಬಿಟ್ ಕಾರ್ಡುಗಳನ್ನು ಹಂಚಿ, ಯಾವ ಖರ್ಚಿಗೆ ಎಂದು ಕೇಳದೆ ಬಿಟ್ಟಿತು. ಒಬ್ಬರಿಗೆ ಗೋಡೆಯ ಹಲಗೆ ಮೊದಲಾದರೆ ಇನ್ನೊಬ್ಬರಿಗೆ ಕೆಲಸಕ್ಕೆ ಹೋಗಲು ಕಾರಿನ ದುರಸ್ತಿ ಮೊದಲು, ಮತ್ತು ಅದನ್ನು ಆ ಮನೆಯವರಿಗಿಂತ ಚೆನ್ನಾಗಿ ಬಲ್ಲ ದಾನಿ ಇಲ್ಲ.

ಆದರೆ ಅದೇ ವರ್ಷದ ಸೆಪ್ಟೆಂಬರ್ 20ರಂದು ಪೋರ್ಟೊ ರಿಕೊ ದ್ವೀಪವನ್ನು ನೆಲಕಚ್ಚಿಸಿದ ಮರಿಯಾ ಹರಿಕೇನ್‌ಗೆ ಬಂದ ಪ್ರತಿಕ್ರಿಯೆ 1893ರ ಸೀ ಐಲೆಂಡ್ಸ್ ಅನ್ನು ನೆನಪಿಸುವಂತಿತ್ತು. ಹಾರ್ವಿಯಲ್ಲಿ ಸತ್ತವರು ನೂರರ ಆಸುಪಾಸು. ಮರಿಯಾದಲ್ಲಿ, ಅಧಿಕೃತವಾಗಿ ಒಪ್ಪಿಕೊಂಡ ಅಂದಾಜಿನಂತೆ, 2,975. ಆದರೂ ಟೆಕ್ಸಾಸ್‌ಗೆ ಹರಿದಷ್ಟು ದೇಣಿಗೆ, ಅಮೆರಿಕದ ಪ್ರಜೆಗಳೇ ವಾಸಿಸುವ ಆ ಸ್ಪ್ಯಾನಿಷ್ ಭಾಷೆಯ ಬಡ ದ್ವೀಪಕ್ಕೆ ಹರಿಯಲಿಲ್ಲ. ಅಲ್ಲಿ ದೊಡ್ಡ ಕಂಪನಿಗಳ ಕೇಂದ್ರ ಕಚೇರಿಗಳಿರಲಿಲ್ಲ, ಒಂದೇ ತಿಂಗಳಲ್ಲಿ ಹಾರ್ವಿ ಮತ್ತು ಇರ್ಮಾ ಹರಿಕೇನ್‌ಗಳಿಗೆ ಕೊಟ್ಟು ದಾನಿಗಳ ಗಮನವೂ ಸೋತಿತ್ತು, ವಿದ್ಯುತ್ತು ದೂರವಾಣಿಗಳು ಕಡಿದುಹೋಗಿ ಸುದ್ದಿಯೇ ತಡವಾಗಿ ಹೊರಬಂದಿತ್ತು.

ದೇಣಿಗೆಯ ಬಹುಪಾಲು ಮೊದಲ ಕೆಲವು ವಾರಗಳಲ್ಲಿ ಬಂದು, ಕ್ಯಾಮೆರಾ ಬೇರೆಡೆ ತಿರುಗಿದೊಡನೆ ನಿಲ್ಲುತ್ತದೆ. ಮನೆ ಕಟ್ಟುವ, ದಾಖಲೆ ಹುಡುಕುವ, ಸಾಲ ತೀರಿಸುವ ಕೆಲಸ ಆಮೇಲೆ ಶುರುವಾಗುತ್ತದೆ. ಈ ಅಂತರವನ್ನು ಅರಿತು ಹಾರ್ವಿಯ ನಂತರ ರೂಪಿಸಿದ ‘ರೀಬಿಲ್ಡ್ ಟೆಕ್ಸಾಸ್’ ನಿಧಿಯು ಸಂಗ್ರಹವಾದ ಸುಮಾರು 10 ಕೋಟಿ ಡಾಲರನ್ನು ಒಮ್ಮೆಗೇ ಮುಗಿಸದೆ, ಸುಮಾರು ಎರಡು ವರ್ಷಗಳ ಅವಧಿಗೆ ಹಂಚಿ, ಕರಾವಳಿಯ ಸಣ್ಣ ಊರುಗಳ ವಸತಿ, ಆರೋಗ್ಯ, ಶಾಲೆ ಮತ್ತು ಸಣ್ಣ ವ್ಯಾಪಾರಗಳಿಗೆ ಅನುದಾನವಾಗಿ ನೀಡಿತು.