ಬೋರಿಂಗ್ ಹತ್ತಿರ ಯಾರಿಗೂ ಬ್ಯಾಸರಿಲ್ಲ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದು, ತೊರವಿ ದಾಟಿ ಟಿಕೋಟಾ ಕಡೆಗೆ ಹೊರಡಿ. ದಾರಿಯ ಯಾವುದಾದರೂ ಊರಲ್ಲಿ ಇಳಿದು "ಇಲ್ಲಿ ಬೋರಿಂಗ್ ಎಲ್ಲದ?" ಎಂದು ಕೇಳಿದರೆ ಜನ ಕೈ ಮಾಡಿ ತೋರಿಸುತ್ತಾರೆ: ಕಬ್ಬಿಣದ ಕಂಬ, ಉದ್ದನೆಯ ಹಿಡಿಕೆ, ಬಾಯಿಯ ಕೆಳಗೊಂದು ಕೊಡ. ನಮ್ಮ ಸೀಮೆಯಲ್ಲಿ ಕೈಪಂಪಿಗೆ ಬೋರಿಂಗ್ ಅಂತಲೇ ಹೆಸರು. ಇದೇ ಪದ ಇಂಗ್ಲಿಷ್ ಪುಸ್ತಕದಲ್ಲಿ ಬಂದಾಗ ಮಾಸ್ತರು ಬೇರೆ ಅರ್ಥ ಹೇಳುತ್ತಾರೆ: ಬೇಸರ ತರಿಸುವಂಥದ್ದು. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಬೋರಿಂಗ್ ಹತ್ತಿರ ಬೇಸರ ಎಲ್ಲಿಂದ ಬರಬೇಕು? ಅಲ್ಲಿ ಪಾಳಿಗಾಗಿ ಜಗಳ ಇರುತ್ತದೆ, ಊರ ಸುದ್ದಿಯೆಲ್ಲ ಇರುತ್ತದೆ, ಹಿಡಿಕೆಗೆ ಜೋತುಬೀಳುವ ಸಣ್ಣ ಹುಡುಗರೂ ಇರುತ್ತಾರೆ.

ಈಗ ಎರಡು ಮಾತು ಕೇಳಿ. "ನನಗ ಬೋರ್ ಹೊಡೀಲಾಕತ್ತದ." "ಹೊಲದಾಗ ಬೋರ್ ಹೊಡೀಲಾಕತ್ತಾರ." ಎರಡರಲ್ಲೂ ಅದೇ ಬೋರ್, ಅದೇ ಹೊಡೆತ. ಆದರೂ ಮೊದಲನೆಯದನ್ನು ಕೇಳಿ ಯಾರೂ ನೀರು ಬಿತ್ತೇ ಎಂದು ಕೇಳುವುದಿಲ್ಲ. "ನನಗ" ಎಂಬ ಒಂದು ಮಾತು, "ಹೊಲದಾಗ" ಎಂಬ ಒಂದು ಮಾತು, ಅಷ್ಟರಲ್ಲೇ ಕಿವಿಗೆ ಎಲ್ಲ ತಿಳಿದುಬಿಡುತ್ತದೆ. ಹೇಗೆ?

ಡೇವಿಡ್ ಸ್ವಿನ್ನಿ ಎಂಬ ಅಮೆರಿಕದ ಮನೋವಿಜ್ಞಾನಿ ಇದನ್ನು ಪರೀಕ್ಷಿಸಿ 1979ರಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ಪದಗಳಲ್ಲಿ ಒಂದು 'ಬಗ್'. ಇಂಗ್ಲಿಷಿನಲ್ಲಿ ಅದು ಹುಳ. ಗೂಢಚಾರರು ಗೋಡೆಯಲ್ಲಿ ಬಚ್ಚಿಡುವ ಪುಟ್ಟ ಮೈಕು ಕೂಡ. ಕೇಳುವವರ ಕಿವಿಗೆ ಒಂದು ಕತೆ ಬೀಳುತ್ತಿತ್ತು. ಕತೆಯಲ್ಲಿ ಜೇಡ, ಜಿರಳೆಗಳ ಮಾತಿದ್ದುದರಿಂದ ಬಗ್ ಎಂದರೆ ಹುಳ ಎಂಬುದು ಸ್ಪಷ್ಟವಾಗಿತ್ತು. ಆ ಪದ ಕೇಳಿದ ಕೂಡಲೇ ಪರದೆಯ ಮೇಲೆ ಇನ್ನೊಂದು ಪದ ಮಿಂಚುತ್ತಿತ್ತು; ಅದು ನಿಜವಾದ ಪದವೋ ಅಲ್ಲವೋ ಎಂದು ಬೇಗ ಗುಂಡಿ ಒತ್ತಬೇಕು. 'ಇರುವೆ' ಎಂಬ ಪದವನ್ನು ಜನ ಬೇಗ ಗುರುತಿಸಿದರು, ಅದು ಸರಿಯೇ. ಆದರೆ 'ಗೂಢಚಾರ' ಎಂಬ ಪದವನ್ನೂ ಅಷ್ಟೇ ಬೇಗ ಗುರುತಿಸಿದರು! ಬಗ್ ಆದ ಮೇಲೆ ಮೂರು ಉಚ್ಚಾರಾಂಶ ಕಳೆದ ಬಳಿಕ ಅದೇ ಪರೀಕ್ಷೆ ಮಾಡಿದರೆ ಇರುವೆ ಮಾತ್ರ ಬೇಗ ಬಂತು. ಗೂಢಚಾರ ಹಿಂದೆ ಬಿದ್ದಿದ್ದ.

ಅಂದರೆ ಹೊಲದ ಬೋರಿನ ಮಾತು ಕೇಳಿದಾಗಲೂ ನಿಮ್ಮ ತಲೆಯಲ್ಲಿ ಬೇಸರದ ಬೋರು ಒಂದು ಗಳಿಗೆ ಎದ್ದು ಕೂತಿರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮಿದುಳು ಅದನ್ನು ಹಿಂದಕ್ಕೆ ಸರಿಸುತ್ತದೆ. ಇದೆಲ್ಲ ನಮಗೆ ಗೊತ್ತೇ ಆಗುವುದಿಲ್ಲ ಎಂಬುದು ನನಗಂತೂ ಇವತ್ತಿಗೂ ಸೋಜಿಗ.

ಬೋರ್ ಪದದ ಹಳೆಯ ಅರ್ಥ ತೂತು ಕೊರೆಯುವುದು. ಅಥಣಿ ರಸ್ತೆಯ ಎಡಬಲದ ಹೊಲಗಳಲ್ಲಿ ಅದನ್ನು ಕಣ್ಣಾರೆ ನೋಡಬಹುದು. ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ತೋಟಗಳಿಗೆ ಬೇಸಿಗೆಯಲ್ಲಿ ನೀರು ಬೇಕೇ ಬೇಕು. ಬೋರ್ ಲಾರಿ ಬರುತ್ತದೆ. ಇಂಥ ಲಾರಿಗಳಿಗೆ ತಮಿಳುನಾಡಿನ ತಿರುಚೆಂಗೋಡು ದೊಡ್ಡ ತವರು. ಸಾಮಾನ್ಯವಾಗಿ ಆರೂವರೆ ಇಂಚು ಅಗಲದ, ನೆಲ ಕೊರೆಯುವ ಮೂತಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗುಂಡಿಗಳಿರುತ್ತವೆ. ಅದು ಬರೀ ತಿರುಗುವುದಿಲ್ಲ, ತಿರುಗುತ್ತಲೇ ಕುಟ್ಟುತ್ತದೆ. ಒತ್ತಿ ತುಂಬಿದ ಗಾಳಿ ಅದನ್ನು ಕುಟ್ಟಿಸುತ್ತದೆ, ಅದೇ ಗಾಳಿ ಪುಡಿಯನ್ನು ಮೇಲಕ್ಕೆ ಊದುತ್ತದೆ. ಅದಕ್ಕೇ ಬೋರ್ ಹೊಡೆಯುವಾಗ ಆ ಪರಿ ಧೂಳು.

ಆ ಧೂಳನ್ನು ಸುಮ್ಮನೆ ಬಯ್ಯಬೇಡಿ, ಅದರ ಬಣ್ಣ ನೋಡಿ. ನಮ್ಮ ಕರಿಮಣ್ಣಿನ ಕೆಳಗಿರುವುದು ಬಸಾಲ್ಟ್ ಎಂಬ ಕಪ್ಪು ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳ ಕಡೆಗಾಲದಲ್ಲಿ, ನೆಲದ ಬಿರುಕುಗಳಿಂದ ಕಾದ ಲಾವಾ ಉಕ್ಕಿ ಹರಿದು ಹೆಪ್ಪುಗಟ್ಟಿತು. ಒಂದರ ಮೇಲೊಂದು ಪದರ. ಒಂದು ಹರಿವು ಆದಮೇಲೆ ಇನ್ನೊಂದು ಬರುವ ಮುಂಚೆ ಬಹಳ ಕಾಲ ಕಳೆದಲ್ಲಿ, ಮೇಲ್ಮೈ ಗಾಳಿ ಮಳೆಗೆ ಸವೆದು ಕೆಂಪು ಜೇಡಿಯಾಯಿತು. ಹಾಗಾಗಿ ಬೂದುಬಣ್ಣದ ಪುಡಿ ಬರುತ್ತಿದ್ದಂತೆ ನಡುವೆ ಕೆಂಪು ಪುಡಿ ಬಂದರೆ, ಕೊರೆಯುವವರು ಒಂದು ಹಳೆಯ ನೆಲವನ್ನು ದಾಟಿದರು ಎಂದರ್ಥ. ಇಡೀ ಬಸಾಲ್ಟ್ ಗಟ್ಟಿ, ಅದರ ಮೈಯಲ್ಲಿ ನೀರು ಇಳಿಯದು. ಬಿರುಕುಗಳಲ್ಲಿ, ಲಾವಾದೊಳಗಿನ ಗಾಳಿಗುಳ್ಳೆಗಳು ಬಿಟ್ಟುಹೋದ ತೂತುಗಳಲ್ಲಿ, ಪದರ ಪದರ ಕೂಡುವಲ್ಲಿ ಮಾತ್ರ ನೀರು ನಿಲ್ಲುತ್ತದೆ. ಒಬ್ಬರ ಹೊಲದಲ್ಲಿ ನೀರು ಚಿಮ್ಮಿ, ಬದುವಿನಾಚೆ ಬರೀ ಧೂಳು ಬರುವುದಕ್ಕೆ ಕಾರಣ ಇದು. ಅದೃಷ್ಟ ಎನ್ನುತ್ತೇವೆ, ಬಿರುಕು ಎನ್ನುವುದು ಹೆಚ್ಚು ಸರಿ.

ನೆಲವನ್ನು ನೆಟ್ಟಗೆ ಕೊರೆಯುವ ಮುಂಚೆ ಇಲ್ಲಿಯ ಜನ ಅಡ್ಡವಾಗಿ ಕೊರೆದಿದ್ದರು. ಆದಿಲ್‌ಶಾಹಿ ಕಾಲದಲ್ಲಿ ತೊರವಿಯ ಕಡೆಯಿಂದ ನಗರಕ್ಕೆ ನೀರು ತಂದ ನೆಲದಡಿಯ ಸುರಂಗ ಇದೇ ರಸ್ತೆಯ ಹತ್ತಿರದ್ದು. ಮೇಲಿನಿಂದ ಅಲ್ಲಲ್ಲಿ ಬಾವಿಯಂಥ ಕಿಂಡಿಗಳನ್ನು ತೋಡಿ, ಗಾಳಿ ಬೆಳಕು ಬಿಟ್ಟುಕೊಂಡು, ತುಸುವೇ ಇಳಿಜಾರು ಕೊಟ್ಟು ನೀರನ್ನು ತಾನಾಗಿ ಹರಿಯುವಂತೆ ಮಾಡಿದ್ದರು. ಪಂಪಿನ ಮಾತೇ ಇರಲಿಲ್ಲ.

ಆದರೆ ನೆಟ್ಟಗಿನ ತೂತಿಗೆ ಪಂಪು ಬೇಕು, ಅಲ್ಲೊಂದು ತೊಡಕಿದೆ. ಎಳನೀರಿಗೆ ನಳಿಕೆ ಹಾಕಿ ಹೀರುವಾಗ ನೀವು ನೀರನ್ನು ಎಳೆಯುತ್ತಿಲ್ಲ. ನಳಿಕೆಯ ಗಾಳಿ ತೆಗೆಯುತ್ತೀರಿ, ಹೊರಗಿನ ಗಾಳಿಯ ಭಾರ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿ ಹೀಗೆ ತಳ್ಳಬಲ್ಲದ್ದು ಹೆಚ್ಚೆಂದರೆ 10.3 ಮೀಟರ್. ವಿಜಯಪುರ ಸುಮಾರು 600 ಮೀಟರ್ ಎತ್ತರದಲ್ಲಿದೆ, ಮೇಲಿನ ಗಾಳಿ ಸ್ವಲ್ಪ ಕಮ್ಮಿ, ಹಾಗಾಗಿ ಇಲ್ಲಿ ಹತ್ತು ಮೀಟರೂ ಆಗದು. ಎಂಥ ಪೈಲ್ವಾನ ಜಗ್ಗಿದರೂ ಅಷ್ಟೇ. ನೀರು ಮೂವತ್ತು ಮೀಟರ್ ಆಳದಲ್ಲಿದ್ದರೆ?

ಉಪಾಯ ಸರಳ: ಹೀರುವುದನ್ನು ಬಿಟ್ಟು ಎತ್ತುವುದು. ಬೋರಿಂಗಿನ ಕೊಂತ, ಅಂದರೆ ಪಿಸ್ಟನ್, ಮೇಲಿಲ್ಲ. ಕೊಳವೆಯೊಳಗೆ ಆಳದಲ್ಲಿ, ನೀರಿನೊಳಗೇ ಮುಳುಗಿ ಕೂತಿದೆ. ಹಿಡಿಕೆಗೆ ಕಟ್ಟಿದ ಸರಪಳಿ, ಸರಪಳಿಗೆ ಉದ್ದನೆಯ ಸರಳು, ಸರಳಿನ ತುದಿಗೆ ಕೊಂತ. ಹಿಡಿಕೆ ಕೆಳಗೆ ಒತ್ತಿದರೆ ಕೊಂತ ತನ್ನ ತಲೆಯ ಮೇಲಿನ ನೀರನ್ನು ಹೊತ್ತು ಮೇಲೇರುತ್ತದೆ. ಅದೇ ಹೊತ್ತಿಗೆ ತಳದ ಮುಚ್ಚಳ ತೆರೆದು ಹೊಸ ನೀರು ಒಳಬರುತ್ತದೆ. ಹಿಡಿಕೆ ಬಿಟ್ಟಾಗ ತಳದ ಮುಚ್ಚಳ ಮುಚ್ಚಿ, ಕೊಂತದ ಮುಚ್ಚಳ ತೆರೆಯುತ್ತದೆ. ದೇಶದ ಊರೂರಲ್ಲಿ ನಿಂತಿರುವ ಈ ಮಾದರಿಯ ಹೆಸರು ಇಂಡಿಯಾ ಮಾರ್ಕ್-2. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪುಗೊಂಡಿತು. ಅದಕ್ಕೆ ಮೂಲವಾದದ್ದು ಯಾವುದು ಗೊತ್ತೇ? ಸೊಲ್ಲಾಪುರ ಪಂಪು! ಹೌದು, ನಮ್ಮ ಪಕ್ಕದ ಸೊಲ್ಲಾಪುರವೇ. ಇಲ್ಲಿ ಹುಟ್ಟಿದ ಆ ಪಂಪು ಆಫ್ರಿಕಾದ ಹಳ್ಳಿಗಳವರೆಗೂ ಹೋಗಿದೆ.

ಬೋರ್ ಪದಕ್ಕೆ ಇನ್ನೊಂದು ಮನೆಯೂ ವಿಜಯಪುರದಲ್ಲೇ ಉಂಟು. ಪಡುವಣ ಕೋಟೆಗೋಡೆಯ ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ಫಿರಂಗಿ ನೋಡಿದ್ದೀರಲ್ಲ? ಸಿಂಹದ ಬಾಯಿಯ ಆ 55 ಟನ್ನಿನ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದರು. ಗುಂಡು ತುಂಬುವ ಅದರ ಟೊಳ್ಳಿಗೂ ಇಂಗ್ಲಿಷಿನಲ್ಲಿ ಬೋರ್ ಎನ್ನುತ್ತಾರೆ. ಅಗಲ ಸುಮಾರು 70 ಸೆಂಟಿಮೀಟರ್. ಆಮೇಲಿನ ಕಾಲದಲ್ಲಿ, ಯುರೋಪಿನಲ್ಲಿ, ಗಟ್ಟಿ ಲೋಹದ ದಿಮ್ಮಿ ಹೊಯ್ದು ಅದರೊಳಗೆ ಬೋರ್ ಕೊರೆಯತೊಡಗಿದರು. ಮ್ಯೂನಿಕ್‌ನಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಕೌಂಟ್ ರಮ್‌ಫೋರ್ಡ್‌ಗೆ ಒಂದು ಪ್ರಶ್ನೆ ಕಾಡಿತು: ಕೊರೆಯುವಾಗ ಇಷ್ಟು ಶಾಖ ಎಲ್ಲಿಂದ? ಶಾಖವೆಂದರೆ ವಸ್ತುಗಳೊಳಗೆ ಅಡಗಿರುವ ಒಂದು ದ್ರವ ಎಂದು ಆಗಿನ ಪಂಡಿತರು ನಂಬಿದ್ದರು. ಆತ ಬೇಕೆಂದೇ ಮೊಂಡ ಮೊನೆ ಹಾಕಿ, ಫಿರಂಗಿಯ ಲೋಹವನ್ನು ನೀರಿನ ಪೆಟ್ಟಿಗೆಯಲ್ಲಿ ಮುಳುಗಿಸಿ, ಕುದುರೆ ಕಟ್ಟಿ ತಿರುಗಿಸಿದ. ಎರಡೂವರೆ ಗಂಟೆಗೆ ನೀರು ಕೊತಕೊತ ಕುದಿಯಿತು, ಕೆಳಗೆ ಬೆಂಕಿಯೇ ಇಲ್ಲದೆ! ಕುದುರೆ ನಡೆಯುವಷ್ಟು ಹೊತ್ತೂ ಶಾಖ ಬರುತ್ತಲೇ ಇತ್ತು. ಅಡಗಿರುವ ದ್ರವವಾಗಿದ್ದರೆ ಎಂದೋ ಮುಗಿಯಬೇಕಿತ್ತಲ್ಲ? ಶಾಖ ಎಂದರೆ ಒಂದು ಬಗೆಯ ಚಲನೆ ಎಂದು ಆತ 1798ರಲ್ಲಿ ಬರೆದ. ನಂಬದಿದ್ದರೆ ಅಂಗೈ ಎರಡನ್ನೂ ಉಜ್ಜಿ ನೋಡಿ.

ಬೇಸರದ ಬೋರು ಬಂದದ್ದು 18ನೇ ಶತಮಾನದಲ್ಲಿ. ಎಲ್ಲಿಂದ ಬಂತೆಂದು ಇಂಗ್ಲಿಷ್ ನಿಘಂಟುಗಳಿಗೇ ಖಾತ್ರಿಯಿಲ್ಲ. ಸಮುದ್ರದ ಉಬ್ಬರ ಹೂಗ್ಲಿಯಂಥ ನದಿಯೊಳಗೆ ಗೋಡೆಯಾಗಿ ನುಗ್ಗುವುದಕ್ಕೂ ಬೋರ್ ಎನ್ನುತ್ತಾರೆ; ಅದು ಇವಕ್ಕೆ ನಂಟೇ ಇಲ್ಲದ, ಅಲೆ ಎಂಬ ಅರ್ಥದ ಬೇರೆ ಪದದಿಂದ ಬಂದದ್ದು.

ಇಂಗ್ಲಿಷ್ ಕಲಿಯುವ ವಿಯೆಟ್ನಾಮಿನ ಮಕ್ಕಳಿಗೆ ಬೇಸರದ ಬೋರು ಇನ್ನೊಂದು ರೀತಿ ಕಾಟ ಕೊಡುತ್ತದೆ. ಅವರ ಭಾಷೆಯಲ್ಲಿ ದನಿಯ ಏರಿಳಿತವೇ ಅರ್ಥ ಬದಲಿಸುತ್ತದೆ: 'ಮಾ' ಎಂಬುದನ್ನು ಆರು ಬಗೆಯಲ್ಲಿ ಎಳೆದರೆ ಅದು ದೆವ್ವ, ತಾಯಿ, ಆದರೆ, ಗೋರಿ, ಕುದುರೆ, ಭತ್ತದ ಸಸಿ ಎಲ್ಲವೂ ಆಗುತ್ತದೆ. ಆದರೆ ಪದದ ಬಾಲ ಬದಲಾಗುವುದಿಲ್ಲ. ಬೇಸರಕ್ಕೆ ಅವರ ಮಾತು 'ಚಾನ್'. ನನಗೆ ಬೇಸರವಾದರೂ ಚಾನ್, ಸಿನಿಮಾ ಬೇಸರ ತರಿಸಿದರೂ ಚಾನ್. ಇಂಗ್ಲಿಷಿನಲ್ಲಿ ಹಾಗಲ್ಲ: ಬೇಸರಗೊಂಡವರು 'ಬೋರ್ಡ್', ಬೇಸರ ತರಿಸುವುದು 'ಬೋರಿಂಗ್'. "ಐ ಆ್ಯಮ್ ಬೋರಿಂಗ್" ಎಂದುಬಿಟ್ಟರೆ "ನಾನು ಎಲ್ಲರಿಗೂ ಬೇಸರ ಹಿಡಿಸುವವ" ಎಂದಾಗುತ್ತದೆ. ನಾವೂ ಈ ತಪ್ಪು ಮಾಡುವವರೇ. ಕನ್ನಡದಲ್ಲಿ ನಾನು ಬೇಸರ ಆಗುವುದಿಲ್ಲ, ನನಗೆ ಬೇಸರ ಆಗುತ್ತದೆ. ಇಂಗ್ಲಿಷಿನಲ್ಲಿ ಆ 'ನನಗೆ' ಸಿಗದೆ ಕಂಗಾಲಾಗುತ್ತೇವೆ.

ಉಚ್ಚಾರಣೆಯಲ್ಲಿ ಮಾತ್ರ ನಾವೂ ಅವರೂ ತಿರುಗುಮುರುಗು. ವಿಯೆಟ್ನಾಮಿನ ಪದಗಳು ರ್, ಡ್ ದನಿಗಳಲ್ಲಿ ಮುಗಿಯುವುದೇ ಇಲ್ಲ, ಹಾಗಾಗಿ ಅವರ ಬಾಯಲ್ಲಿ 'ಬೋರ್ಡ್' ಕೊನೆ ಉದುರಿ ಬರೀ 'ಬೋ' ಆಗಬಹುದು. ನಾವೋ, ಬಸ್ಸು, ರೋಡು ಎಂದು ಬಾಲಕ್ಕೆ ಒಂದು 'ಉ' ಅಂಟಿಸಿ ಅದನ್ನು ಬೋರ್ಡು ಮಾಡುತ್ತೇವೆ. ಆಗ ಅದು ಕರಿಹಲಗೆಯೋ ಬೇಸರವೋ? ಇಂಗ್ಲಿಷರ ಬಾಯಲ್ಲೂ ಎರಡಕ್ಕೂ ಒಂದೇ ಉಚ್ಚಾರ, ಕಾಗುಣಿತ ಮಾತ್ರ ಬೇರೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು, ಅಥಣಿಯ ಬೋರ್ಡು ಹೊತ್ತ ಬಸ್ಸು ಬಾರದೆ ನೀವು ಬೋರ್ಡ್ ಆದಿರಿ ಅನ್ನಿ. ಈ ವಾಕ್ಯ ಓದುವಾಗ ನಿಮ್ಮ ಮಿದುಳಿನೊಳಗೆ ಯಾವ ಬೋರ್ಡು ಮೊದಲು ಎದ್ದಿತು?