‘ಬಂದರೆ’ ಎಂಬ ಮಾತು
(ಬಾನುಲಿ ಭಾಷಣ)

ಮಹಾಕಾವ್ಯದಲ್ಲಿ ಇರಬೇಕೆಂದು ಲಾಕ್ಷಣಿಕರು ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಋತುವರ್ಣನೆಯೂ ಒಂದು. ಕವಿಗಳ ವಸಂತದಲ್ಲಿ ಮಾವು ಚಿಗುರುತ್ತದೆ, ಮಲ್ಲಿಗೆ ಅರಳುತ್ತದೆ, ತಂಗಾಳಿ ಸುಳಿಯುತ್ತದೆ. ಬದನೆಯ ಗಿಡ ಅಲ್ಲಿ ಕಾಣುವುದಿಲ್ಲ. ಬೆಂಗಳೂರು, ಮೈಸೂರು ಕಡೆಯ ಹಿತ್ತಲುಗಳಲ್ಲಿ ನಾಲ್ಕು ಪಾತಿ ತರಕಾರಿ ಬೆಳೆಯುವವನಿಗಾದರೋ ಚೈತ್ರ ವೈಶಾಖಗಳ ಅನುಭವವೇ ಬೇರೆ. ಬೆಳಿಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನ ಉರಿಬಿಸಿಲು, ಸಂಜೆಗೆ ಕಪ್ಪು ಮೋಡ, ಧೂಳೆಬ್ಬಿಸುವ ಗಾಳಿ, ಒಮ್ಮೊಮ್ಮೆ ಆಲಿಕಲ್ಲು. ಕಾದ ನೆಲದಿಂದ ಮೇಲೆದ್ದ ಗಾಳಿ ಕಡಲಿನಿಂದ ಬಂದ ತೇವವನ್ನು ಸೇರಿ ಅಲ್ಲಲ್ಲೇ ಮೋಡ ಕಟ್ಟುವುದರಿಂದ, ಒಂದು ಬಡಾವಣೆಯಲ್ಲಿ ಚರಂಡಿ ತುಂಬಿ ಹರಿದರೂ ಪಕ್ಕದ ಬಡಾವಣೆಯಲ್ಲಿ ಧೂಳಡಗುವುದಿಲ್ಲ.

ನಮ್ಮ ಹಿರಿಯರು ಈ ಚಂಚಲತೆಯನ್ನು ಅರಿಯದವರಲ್ಲ. ಹಬ್ಬಗಳನ್ನು ಚಂದ್ರನಿಂದ ಎಣಿಸಿದ ರೈತ ಮಳೆಯನ್ನು ಎಣಿಸಿದ್ದು ಸೂರ್ಯನಿಂದ. ಯುಗಾದಿ ಮಾರ್ಚ್ ಉತ್ತರಾರ್ಧದಿಂದ ಏಪ್ರಿಲ್ ನಡುವಿನವರೆಗೆ ಹಿಂದುಮುಂದಾಗುತ್ತದೆ. ಅಶ್ವಿನಿ ಮಳೆ ಮಾತ್ರ ಏಪ್ರಿಲ್ 13-14ರ ಸುಮಾರಿಗೆ, ಭರಣಿ 27ರ ಸುಮಾರಿಗೆ, ಕೃತ್ತಿಕೆ ಮೇ 11ರ ಸುಮಾರಿಗೆ ಹುಟ್ಟುತ್ತದೆ; ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಅಲ್ಲಿಯ ‘ಬಂದರೆ’ ಎಂಬುದನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ವೈಯಾಕರಣರು ಪಕ್ಷಾರ್ಥಕವೆಂದು ಕರೆಯುವ ರೂಪವದು. ಭರಣಿ ಬಂದೇ ಬರುತ್ತದೆಂದು ಗಾದೆ ಎಲ್ಲಿಯೂ ಭಾಷೆ ಕೊಟ್ಟಿಲ್ಲ.

ಈಚಿನ ವರ್ಷಗಳು ಆ ಮಾತಿಗೆ ಹೊಸ ತೂಕವನ್ನು ತಂದಿವೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರು ನಗರಕ್ಕೆ ಮಳೆಯೇ ಬೀಳಲಿಲ್ಲ. 28ರಂದು ಉಷ್ಣಾಂಶ 38.5 ಡಿಗ್ರಿಗೆ ಏರಿತು. ಅದೇ ನಗರದಲ್ಲಿ ಜೂನ್ 2ರ ಒಂದೇ ದಿನ 111 ಮಿಲಿಮೀಟರ್ ಸುರಿದು, 1891ರಿಂದ ಉಳಿದುಬಂದಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು. 2025ರಲ್ಲಿ ಮುಂಗಾರು ವಾಡಿಕೆಯ ಜೂನ್ 1ಕ್ಕೆ ಬದಲು ಮೇ 24ಕ್ಕೇ ಕೇರಳವನ್ನು ಮುಟ್ಟಿತು. ಪಂಚಾಂಗದ ತೇದಿಗಳು ಹಾಗೆಯೇ ಇದ್ದವು.

ಹಾಗಾದರೆ ಹಿತ್ತಲಿನವನು ಮಾಡಬೇಕಾದುದೇನು? ಮೊದಲನೆಯದಾಗಿ, ಇರುವ ಬೀಜವನ್ನೆಲ್ಲ ಒಂದೇ ದಿನ ಬಿತ್ತಬಾರದು. ಮೂರು ಪಾಲು ಮಾಡಿ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಬಿತ್ತಿದರೆ ಒಂದನ್ನು ಬಿಸಿಲು ಕೊಂಡರೂ, ಇನ್ನೊಂದನ್ನು ಆಲಿಕಲ್ಲು ಬಡಿದರೂ ಮೂರನೆಯದು ಕೈಗೆ ಹತ್ತೀತು. ಬೆಂಡೆ, ಗೋರಿಕಾಯಿ, ಅಲಸಂದೆ ಬಿಸಿಲನ್ನು ಸಹಿಸುವ ಜಾತಿ. ಹರಿವೆ ಸೊಪ್ಪು ಒಂದು ತಿಂಗಳೊಳಗೆ ಅಡುಗೆಮನೆ ಸೇರುತ್ತದೆ. ಟೊಮೇಟೊ ಹಾಗಲ್ಲ. ಹಗಲು 35 ಡಿಗ್ರಿ ಮೀರಿ ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಟ್ಟು ಹೂ ಉದುರುತ್ತದೆ. ಆಗ ಗೊಬ್ಬರ ಸುರಿದು ಫಲವಿಲ್ಲ. ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲವೆಂದಾದರೆ ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲಪದೆ ತಳ ಕಪ್ಪಾಗುತ್ತದೆ. ಒಣಗಿದ ನೆಲಕ್ಕೆ ಹಠಾತ್ತನೆ ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ.

ಎರಡೂ ಕಡೆಯ ಅತಿಗೆ ಸುಲಭವಾದ ಉಪಾಯ ತರಗೆಲೆಯ ಹೊದಿಕೆ. ಬುಡದ ಸುತ್ತ ನಾಲ್ಕು ಬೆರಳು ಹರಡಿದರೆ ಬಿಸಿಲಿನಲ್ಲಿ ತೇವ ಉಳಿಯುತ್ತದೆ. ಮಳೆಯಲ್ಲಿ ರೋಗ ತರುವ ಕೆಸರು ಎಲೆಗೆ ಸಿಡಿಯುವುದಿಲ್ಲ. ಸಸಿಮಡಿಯನ್ನು ಗೇಣೆತ್ತರ ಏರಿಸಿದರೆ ನೀರು ನಿಂತು ಬುಡ ಕೊಳೆಯುವುದು ತಪ್ಪುತ್ತದೆ. ಮೇಲೆ ಒಂದು ಹಳೆಯ ಸೀರೆ ಕಟ್ಟಿದರೆ ಎಳೆಯ ಸಸಿಗೆ ನೆರಳೂ ಆಯಿತು, ಹನಿಯ ಹೊಡೆತಕ್ಕೆ ತಡೆಯೂ ಆಯಿತು.

ಉಳಿದದ್ದು ನೀರಿನ ಪ್ರಶ್ನೆ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದವರಿಗೆ ಐದು ಸಾವಿರ ರೂಪಾಯಿ ದಂಡ ಗೊತ್ತುಮಾಡಿದ್ದರು. ಆ ಆಜ್ಞೆಯನ್ನು ಅನ್ಯಾಯವೆನ್ನಲು ನನಗೆ ಮನಸ್ಸು ಬಾರದು. ನೆರೆಯವರು ಕೊಡ ಹಿಡಿದು ಕಾಯುವಾಗ ಬದನೆಗೆ ನಲ್ಲಿ ತಿರುಗಿಸುವುದು ಹೇಗೆ? ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಷ್ಟು ಪಾತಿಗೆ ಸಾಲುತ್ತದೆಯೋ ಬೇಸಗೆಯಲ್ಲಿ ಅಷ್ಟೇ ನಮ್ಮ ತೋಟ.

ನಮ್ಮ ನಾಲ್ಕು ಗಿಡ ಹೋದರೆ ನಾವು ಚೀಲ ಹಿಡಿದು ಮಾರುಕಟ್ಟೆಗೆ ಹೋಗುತ್ತೇವೆ. ಕೋಲಾರದ ಕಡೆ ಸಾಲ ತಂದು ಎಕರೆಗಟ್ಟಲೆ ಟೊಮೇಟೊ ಇಟ್ಟವನು ಅದೇ ಆಲಿಕಲ್ಲಿಗೆ ಸಿಕ್ಕಿದರೆ ಅವನಿಗೆ ಹೋಗಲು ಬೇರೆ ಮಾರುಕಟ್ಟೆಯಿಲ್ಲ. ಒಂದು ವಸಂತದಲ್ಲಿ ಮೂರು ಬಾರಿ ಬಿತ್ತಿ ಒಂದು ಬಾರಿ ಕೊಯ್ದವನು, ತರಕಾರಿ ಅಂಗಡಿಯ ಮುಂದೆ ನಿಂತು ಎರಡು ರೂಪಾಯಿಗಾಗಿ ಚೌಕಾಸಿ ಮಾಡುವ ಮುನ್ನ ಸ್ವಲ್ಪ ಯೋಚಿಸುತ್ತಾನೆ. ಹಿತ್ತಲಿನಿಂದ ನಮಗೆ ಇಷ್ಟು ಲಾಭವಾದರೂ ಉಂಟು.